ಮಗ ಅಪ್ಪನ ಜೊತೆ ಇರ್ತೀನಿ ಅಂದರೆ ಕೋರ್ಟ್ ಅದನ್ನೇ ಒಪ್ಪುತ್ತಾ?

ಅಪ್ಪ ಅಮ್ಮ ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಅನ್ನುವ ಕಸ್ಟಡಿ ಕೇಸಿನ ಬಗ್ಗೆ ಕೇಳಿದ್ದೀರಿ, ನಿಮ್ಮ ಮಗನಿಗೆ 11 ವರ್ಷ ಅಂದಿದ್ದೀರಿ. ಈ ವಯಸ್ಸಿನ ಮಗುವಿನ ಮಾತನ್ನು ಕೋರ್ಟ್ ಕೇಳುತ್ತದೆ, ಆದರೆ ಅವನು ಹೇಳಿದ್ದೇ ಆದೇಶವಾಗುವುದಿಲ್ಲ. ಮಕ್ಕಳ ಪಾಲಕತ್ವದ ಕಾನೂನಾದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17(3)ನೇ ಕಲಂ ಪ್ರಕಾರ, ತಿಳಿದು ಆರಿಸಿಕೊಳ್ಳುವಷ್ಟು ಮಗು ದೊಡ್ಡದಾಗಿದ್ದರೆ ಅದರ ಇಷ್ಟವನ್ನು ಪರಿಗಣಿಸಬಹುದು. ಅದಕ್ಕೆ ಇಂತಿಷ್ಟೇ ವಯಸ್ಸು ಎಂದು ಗೊತ್ತುಮಾಡಿಲ್ಲ. (1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆಯ ಐದು ವರ್ಷದ ಮಾತು ಬೇರೆ; ಅಷ್ಟರೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅನ್ನುವುದಷ್ಟೇ ಅದು.) ಎಲ್ಲಕ್ಕಿಂತ ಮೇಲೆ ನೋಡುವುದು ಮಗುವಿನ ಹಿತ.

ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ಚೇಂಬರಿಗೆ ಕರೆದು, ಅಪ್ಪ ಅಮ್ಮನನ್ನು ಹೊರಗಿಟ್ಟು ಮಾತಾಡಿಸುತ್ತಾರೆ. ಹಾಗೆ ಆಗದಿದ್ದರೆ ನಿಮ್ಮ ವಕೀಲರಿಂದ ಅರ್ಜಿ ಹಾಕಿಸಿ. ಕೋರ್ಟಿನ ಕೌನ್ಸೆಲರ್ (ಆಪ್ತ ಸಮಾಲೋಚಕರು) ವರದಿಯನ್ನೂ ಕೇಳಬಹುದು. ಅಲ್ಲಿ ಮಗು ಯಾರ ಹೆಸರು ಹೇಳಿತು ಅನ್ನುವುದಕ್ಕಿಂತ ಯಾಕೆ ಹೇಳಿತು ಅನ್ನುವುದಕ್ಕೆ ಬೆಲೆ ಜಾಸ್ತಿ. "ಅಲ್ಲಿ ಓದು ಅಂತ ಯಾರೂ ಬೈಯಲ್ಲ" ಅಂದರೆ ಅದು ಹೆಚ್ಚು ನಿಲ್ಲುವುದಿಲ್ಲ. "ನನ್ನ ಸ್ಕೂಲು, ಫ್ರೆಂಡ್ಸು ಎಲ್ಲ ಆ ಕಡೆ, ಜ್ವರ ಬಂದಾಗ ಅಜ್ಜಿ ನೋಡ್ಕೋತಾರೆ" ಅಂದರೆ ನಿಲ್ಲುತ್ತದೆ.

ಕೆಡುವುದು ಹೆಚ್ಚಾಗಿ ಹೇಳಿಕೊಟ್ಟ ಮಾತಿನಿಂದ. ಮಗುವಿನ ಬಾಯಲ್ಲಿ "ಜೀವನಾಂಶ", "ಕಿರುಕುಳ" ಅನ್ನುವ ಶಬ್ದ ಬಂದರೆ, ತಾನು ಹುಟ್ಟುವ ಮೊದಲಿನ ಜಗಳವನ್ನು ಅದು ವಿವರಿಸಿದರೆ, ಒಬ್ಬರ ಬಗ್ಗೆ ಒಂದೂ ಒಳ್ಳೆಯ ನೆನಪಿಲ್ಲ ಅಂದರೆ ಅನುಭವವಿರುವ ಯಾರಿಗೂ ತಕ್ಷಣ ಗೊತ್ತಾಗುತ್ತದೆ. ಮಗನ ಹೇಳಿಕೆಯನ್ನು ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಬೇಡಿ, ಅದು ನಿಮಗೇ ತಿರುಗಿಬೀಳಬಹುದು. ಕೇಸು ನಡೆಯುವಾಗ ಮಗನಿಗೂ ಅವನು ಈಗ ಜೊತೆಗಿಲ್ಲದ ಅಪ್ಪನಿಗೋ ಅಮ್ಮನಿಗೋ ಆಗುವ ಭೇಟಿ ತಪ್ಪಿಸಬೇಡಿ. ತಿಂಗಳುಗಟ್ಟಲೆ ಒಂದೇ ಕಡೆ ಇದ್ದ ಮಗು ಆ ಕಡೆಯ ಮಾತೇ ಆಡುತ್ತದೆ, ನ್ಯಾಯಾಧೀಶರಿಗೂ ಅದು ಗೊತ್ತಿರುತ್ತದೆ.

ನ್ಯಾಯಾಧೀಶರು ಮಾತಾಡಿಸುವ ಹಿಂದಿನ ದಿನ ಅವನಿಗೆ ಇಷ್ಟು ಹೇಳಿದರೆ ಸಾಕು: ನಾಳೆ ಒಬ್ಬರು ನಿನ್ನ ಹತ್ತಿರ ಮಾತಾಡ್ತಾರೆ, ಅನಿಸಿದ್ದು ಹೇಳು, ಇಷ್ಟವಿಲ್ಲದಿದ್ದರೆ ಹೇಳಬೇಡ, ತೀರ್ಮಾನ ಮಾಡೋದು ಅವರು, ನೀನಲ್ಲ. ಈ ಕೊನೆಯ ಮಾತನ್ನು ಮರೆಯಲೇಬೇಡಿ. ಅಪ್ಪ ಅಮ್ಮನಲ್ಲಿ ಒಬ್ಬರನ್ನು ತಾನೇ ಬಿಟ್ಟೆ ಅನ್ನುವ ಭಾರ ಮಗುವಿನ ಮೇಲೆ ಬೀಳಬಾರದು. ಹೊರಗೆ ಬಂದಮೇಲೆ "ಏನಂದೆ?" ಎಂದು ಕೇಳಬೇಡಿ.

ಇನ್ನು, ಕಸ್ಟಡಿ ಆದೇಶ ಶಾಶ್ವತವಲ್ಲ. ಪರಿಸ್ಥಿತಿ ಬದಲಾದರೆ ಮಾರ್ಪಾಡಿಗೆ ಅದೇ ಕೋರ್ಟಿಗೆ ಹೋಗಬಹುದು.