ಎರಡಕ್ಕೂ ಈಗಲೇ ಅರ್ಜಿ ಹಾಕಿ

ಕ್ಯಾಲಿಫೋರ್ನಿಯಾದ ಎಸ್‌ಡಿಐ (ಕೆಲಸ ಮಾಡಲಾಗದವರಿಗೆ ರಾಜ್ಯ ಕೊಡುವ ತಾತ್ಕಾಲಿಕ ವಿಮೆ) ಹಣ ಮುಗಿದ ಮೇಲೆ ಫೆಡರಲ್ ಎಸ್‌ಎಸ್‌ಡಿಐಗೆ (ದೀರ್ಘಕಾಲ ಕೆಲಸ ಮಾಡಲಾಗದವರಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ವಿಮೆ) ಅರ್ಜಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಕಾಯಬೇಡಿ. ಬೆನ್ನಿನ ಆಪರೇಷನ್ ಆದ ನಿಮ್ಮ ಯಜಮಾನರು ಒಂದು ವರ್ಷಕ್ಕಿಂತ ಜಾಸ್ತಿ ಕೆಲಸಕ್ಕೆ ಹೋಗುವ ಹಾಗಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ, ಅಲ್ವಾ? ಫೆಡರಲ್ ನಿಯಮ ಕೇಳುವುದೂ ಕನಿಷ್ಠ 12 ತಿಂಗಳೇ. ಎಸ್‌ಡಿಐ ಅರ್ಜಿ, ಕೆಲಸ ಮಾಡಲಾಗದ ಮೊದಲ ದಿನದಿಂದ 49 ದಿನದೊಳಗೆ ಇಡಿಡಿಗೆ (ಎಸ್‌ಡಿಐ ನೋಡಿಕೊಳ್ಳುವ ರಾಜ್ಯದ ಇಲಾಖೆ) ಸೇರಬೇಕು. ಸಿಗುವುದು ಹೆಚ್ಚೆಂದರೆ 52 ವಾರ. ಎಸ್‌ಎಸ್‌ಡಿಐ ತೀರ್ಮಾನಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಂಜೂರಾದರೂ ಮೊದಲ 5 ಪೂರ್ತಿ ತಿಂಗಳಿಗೆ ದುಡ್ಡಿಲ್ಲ.

ಡಾಕ್ಟರ್ ರಿಪೋರ್ಟಿನಲ್ಲಿ ಸುಮ್ನೆ ‘ಬೆನ್ನುನೋವು’ ಅಂತಿದ್ದರೆ ಸಾಲದು. ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು ಅಂತ ಬರೆಸಿ. ನಮ್ಮವರು ‘ಪರವಾಗಿಲ್ಲ ಡಾಕ್ಟ್ರೇ’ ಅಂದುಬಿಡುತ್ತಾರೆ, ಅದೂ ಫೈಲಿಗೆ ಹೋಗುತ್ತದೆ! ಎಸ್‌ಎಸ್‌ಡಿಐ ತಿರಸ್ಕಾರವಾದರೆ ಹೊಸ ಅರ್ಜಿ ಬೇಡ, 60 ದಿನದೊಳಗೆ ಅಪೀಲು ಹಾಕಿ.