ಸುನಿಯೋಗೆ ಹೋಗುವ ದಾರಿಯಲ್ಲಿ ಲಾವ್ರಿಯೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಅಥೆನ್ಸ್ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರ ಬರೆಯುವಾಗ ಲಾವ್ರಿಯೋ ಅನ್ನುವ ಊರಿನ ಹೆಸರು ಹೇಳಿ ಮುಂದೆ ಹೋಗಿದ್ದೆ. ಆ ಒಂದು ಹೆಸರು ಹಿಡಿದು ಸುಮಾರು ಪತ್ರ ಬಂದಿವೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಆ ಊರಿಗೇ.

ಪ್ರಶ್ನೆ: ಅಥೆನ್ಸ್‌ನಲ್ಲಿ ನಾಲ್ಕು ದಿನ ಇರುತ್ತೇವೆ. ಸ್ಯಾಂಟೊರಿನಿಗೆ ಹೋಗಲು ಸಮಯವೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ಸಮುದ್ರದ ದಡದ ಒಂದು ಸಣ್ಣ ಊರು ನೋಡಿದ ಹಾಗಾಗಬೇಕು ಅಂದರೆ ಲಾವ್ರಿಯೋ ಸಾಕಾ? ಹೋಗುವುದು ಹೇಗೆ?
– ದಾವಣಗೆರೆಯ ಓದುಗರು

ಉತ್ತರ: ಖಂಡಿತ ಸಾಕು. ಅಥೆನ್ಸ್‌ನಿಂದ ಸುಮಾರು 60 ಕಿ.ಮೀ. ದೂರ, ಆಗ್ನೇಯ ದಿಕ್ಕಿಗೆ. ಕೆಟೆಲ್ ಅನ್ನುವ ಕಿತ್ತಳೆ ಬಣ್ಣದ ಬಸ್ಸುಗಳಿವೆ. ವಿಕ್ಟೋರಿಯಾ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಪೆಡಿಯೋನ್ ಅರೆಯೋಸ್ ಅನ್ನುವ ದೊಡ್ಡ ಪಾರ್ಕಿನ ಪಕ್ಕಕ್ಕೆ ನಡೆದರೆ ಬಸ್ ಹೊರಡುವ ಜಾಗ ಸಿಗುತ್ತದೆ. ಸಿಟಿ ಬಸ್ಸಿನ, ಮೆಟ್ರೋದ ಟಿಕೆಟ್ ಇದರಲ್ಲಿ ನಡೆಯುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ಬೋರ್ಡು ಗ್ರೀಕ್ ಅಕ್ಷರದಲ್ಲಿದ್ದರೆ ಗಾಬರಿ ಬೇಡ, ಲಾವ್ರಿಯೋದ ಮೊದಲ ಅಕ್ಷರ ಇಂಗ್ಲಿಷಿನ ವಿ ಅಕ್ಷರವನ್ನು ತಲೆಕೆಳಗೆ ಮಾಡಿದ ಹಾಗಿರುತ್ತದೆ. ಒಂದೂವರೆ ಗಂಟೆಯಿಂದ ಎರಡು ಗಂಟೆಯ ದಾರಿ.

ಜಾಸ್ತಿ ಜನ ಮಾಡುವುದೇನು ಅಂದರೆ, ಅಥೆನ್ಸ್‌ನಿಂದ ನೇರವಾಗಿ ಸುನಿಯೋ ಅನ್ನುವ ಭೂಶಿರದ ತುದಿಗೆ ಹೋಗಿ, ಪೊಸೈಡನ್ ದೇವಾಲಯದ ಮುಂದೆ ಸೂರ್ಯಾಸ್ತದ ಫೋಟೋ ತೆಗೆದುಕೊಂಡು, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಾರೆ. ಲಾವ್ರಿಯೋ ಅಲ್ಲಿಂದ ಹತ್ತು ಕಿ.ಮೀ. ಕೂಡ ಇಲ್ಲ, ಆದರೂ ನೋಡದೆ ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಲಾವ್ರಿಯೋದಲ್ಲಿ ಒಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ಒಳದಾರಿಯ ಬಸ್ಸಿನಲ್ಲಿ ಬಂದು ಊರು ನೋಡಿ, ಸಂಜೆ ಸುನಿಯೋಗೆ ಹೋಗಿ, ರಾತ್ರಿ ಮತ್ತೆ ಲಾವ್ರಿಯೋಗೆ ಬಂದು ಊಟ ಮಾಡಿ. ಮಾರನೆಯ ದಿನ ವಾಪಸ್ ಹೋಗುವಾಗ ಸಮುದ್ರದ ಪಕ್ಕದ ದಾರಿಯಲ್ಲಿ ಹೋಗುವ ಬಸ್ ಹಿಡಿಯಿರಿ, ಅದು ಸುನಿಯೋದಿಂದ ಹೊರಡುತ್ತದೆ. ಸುನಿಯೋದಲ್ಲಿ ಇಳಿದ ತಕ್ಷಣ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಡ್ರೈವರನ್ನೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ. ಕತ್ತಲಾದ ಮೇಲೆ ಟ್ಯಾಕ್ಸಿಗಾಗಿ ತುಂಬಾ ಹೊತ್ತು ಕಾದೆ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಅಪ್ಪ ಗಣಿ ಕೆಲಸದವರು. ಲಾವ್ರಿಯೋ ಕೂಡ ಗಣಿ ಊರು ಅಂತ ಓದಿದೆ. ಅಲ್ಲಿ ಈಗ ಏನಾದರೂ ಉಳಿದಿದೆಯಾ?
– ರಾಬರ್ಟ್‌ಸನ್‌ಪೇಟೆಯ ಓದುಗರು

ಉತ್ತರ: ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು. ಈ ಊರು ನಿಮಗೆ ಅರ್ಥವಾಗುವಷ್ಟು ನನಗೂ ಅರ್ಥವಾಗಿರಲಿಕ್ಕಿಲ್ಲ.

ಇಲ್ಲಿನ ಬೆಟ್ಟಗಳಲ್ಲಿ ಇದ್ದದ್ದು ಸೀಸದ ಅದಿರು, ಅದರೊಳಗೆ ಬೆಳ್ಳಿ. ಕ್ರಿ.ಪೂ. 483ರ ಸುಮಾರಿಗೆ ದೊಡ್ಡದೊಂದು ಹೊಸ ಪದರ ಸಿಕ್ಕಿತು. ಬಂದ ಬೆಳ್ಳಿಯನ್ನು ತಲೆಗೆ ಹತ್ತು ಡ್ರಾಕ್ಮಾದಂತೆ ಅಥೆನ್ಸ್‌ನ ಪ್ರಜೆಗಳಿಗೆಲ್ಲ ಹಂಚಿಬಿಡೋಣ ಅಂತ ಮಾತಾಯಿತು. ಥೆಮಿಸ್ಟೊಕ್ಲೀಸ್ ಅನ್ನುವ ನಾಯಕ, ಹಂಚುವುದು ಬೇಡ, ಹಡಗು ಕಟ್ಟೋಣ ಅಂತ ಜನರನ್ನು ಒಪ್ಪಿಸಿದ. ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೊಡುವ ಲೆಕ್ಕ 200 ಹಡಗು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಹತ್ತಿರ ಪರ್ಷಿಯಾದ ನೌಕಾಪಡೆಯನ್ನು ಸೋಲಿಸಿದ್ದು ಆ ಹಡಗುಗಳೇ. ಆಮೇಲೆ ಅಥೆನ್ಸ್‌ನಲ್ಲಿ ಪಾರ್ಥೆನಾನ್ ಎದ್ದಿತು, ನಾಟಕಗಳಾದವು, ಸಾಕ್ರಟೀಸ್ ಬಂದ. ಅದೆಲ್ಲದರ ಬುಡದಲ್ಲಿ ಲಾವ್ರಿಯೋದ ಬೆಳ್ಳಿ ಇದೆ ಅಂತ ಧೈರ್ಯವಾಗಿ ಹೇಳಬಹುದು. ಅಲ್ಲಿ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟಾಗ ಒಂದು ಯೂರೋದ ಗ್ರೀಕ್ ನಾಣ್ಯವನ್ನು ತಿರುಗಿಸಿ ನೋಡಿ. ಗೂಬೆ ಇದೆಯಲ್ಲ, ಅದು ಆ ಕಾಲದ ಅಥೆನ್ಸ್‌ನ ಬೆಳ್ಳಿ ನಾಣ್ಯದ ಮೇಲಿದ್ದ ಗೂಬೆಯೇ.

ಆದರೆ ಆ ಬೆಳ್ಳಿ ತೆಗೆದವರು ಗುಲಾಮರು. ನಿಕಿಯಾಸ್ ಅನ್ನುವ ಶ್ರೀಮಂತ ಒಬ್ಬನೇ ಒಂದು ಸಾವಿರ ಗುಲಾಮರನ್ನು, ದಿನಕ್ಕೆ ತಲೆಗೆ ಒಂದು ಒಬೋಲ್ ಬಾಡಿಗೆಗೆ ಗಣಿಗೆ ಕೊಟ್ಟಿದ್ದ ಅಂತ ಅಥೆನ್ಸ್‌ನ ಹಳೆಯ ಲೇಖಕ ಕ್ಸೆನೊಫೋನ್ ಬರೆದಿದ್ದಾನೆ. ಆರು ಒಬೋಲ್ ಸೇರಿದರೆ ಒಂದು ಡ್ರಾಕ್ಮಾ. ಸುರಂಗಗಳಲ್ಲಿ ಎಷ್ಟೋ ಕಡೆ ನಿಲ್ಲುವುದು ಹಾಗಿರಲಿ, ಕೂರುವುದಕ್ಕೂ ಆಗುವುದಿಲ್ಲ, ತೆವಳಿಕೊಂಡೇ ಹೋಗಬೇಕು.

ಊರ ಹೊರಗಿನ ಬೆಟ್ಟದ ಕಣಿವೆಗಳಲ್ಲಿ, ಸುರಿಜಾ ಅನ್ನುವ ಜಾಗದಲ್ಲಿ, ಅದಿರು ತೊಳೆಯುತ್ತಿದ್ದ ಕಟ್ಟೆಗಳು ಇವತ್ತಿಗೂ ಇವೆ. ದಯವಿಟ್ಟು ಇದನ್ನು ನೋಡದೆ ಬರಬೇಡಿ. ನಮ್ಮ ಹಳ್ಳಿಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಗಾರೆ ಹಾಕಿ ಇಳಿಜಾರು ಮಾಡಿರುತ್ತಾರಲ್ಲ, ನೋಡಲು ಹಾಗೇ ಇದೆ, ಆದರೆ ದೊಡ್ಡದು. ಒಂದು ಕಡೆ ನೀರಿನ ತೊಟ್ಟಿ, ತೊಟ್ಟಿಯ ಗೋಡೆಯಲ್ಲಿ ಸಾಲಾಗಿ ತೂತು. ತೂತಿನಿಂದ ಬಂದ ನೀರು ಪುಡಿ ಮಾಡಿದ ಅದಿರಿನ ಮೇಲೆ ಹರಿದು ಹಗುರವಾದ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಭಾರದ ಸೀಸ ನಿಲ್ಲುತ್ತದೆ. ನೀರು ಸುತ್ತಲಿನ ಕಾಲುವೆಯಲ್ಲಿ ಹರಿದು, ಗುಂಡಿಗಳಲ್ಲಿ ತಿಳಿಯಾದ ಮೇಲೆ ಅದನ್ನೇ ತೋಡಿ ಮತ್ತೆ ತೊಟ್ಟಿಗೆ ಹಾಕುತ್ತಿದ್ದರು. ಯಾಕೆಂದರೆ ಅಲ್ಲಿ ಹೊಳೆ ಇಲ್ಲ, ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಹಿಡಿದಿಟ್ಟ ಮಳೆನೀರೇ ಗತಿ. ಗಾರೆಯ ಮೇಲೆ ಅಂಗೈ ಇಟ್ಟು ನೋಡಿದೆ. ಎರಡು ಸಾವಿರದ ನಾನೂರು ವರ್ಷ ಆಗಿದೆ, ಇನ್ನೂ ನುಣ್ಣಗಿದೆ, ಬಿರುಕು ಹುಡುಕಬೇಕು.

ಹೊಸ ಕಾಲದ ಕಥೆ ನಿಮ್ಮ ಊರಿನದ್ದೇ ಅನಿಸುತ್ತದೆ. ಕೋಲಾರದಲ್ಲಿ ಹಳಬರು ತೋಡಿ ಬಿಟ್ಟಿದ್ದ ಗುಂಡಿಗಳನ್ನು ನೋಡಿ ತಾನೇ ಬ್ರಿಟಿಷರು ಇಳಿದದ್ದು? ಇಲ್ಲಿ 1860ರ ದಶಕದಲ್ಲಿ ಸೆರ್ಪಿಯೆರಿ ಅನ್ನುವ ಇಟಲಿಯವನು ಬಂದ. ಹಳಬರು ಎಸೆದಿದ್ದ ಕಿಟ್ಟದ, ಅಂದರೆ ಅದಿರು ಕರಗಿಸಿದ ಮೇಲೆ ಉಳಿಯುವ ಕಸದ, ಗುಡ್ಡೆಗಳಲ್ಲೇ ಇನ್ನೂ ಬೇಕಾದಷ್ಟು ಸೀಸ ಇದೆ ಅಂತ ಅದನ್ನೇ ಮತ್ತೆ ಕುಲುಮೆಗೆ ಹಾಕಿದ. ಆ ಕಸ ಯಾರದ್ದು, ಕಂಪನಿಯದ್ದೋ ಸರ್ಕಾರದ್ದೋ ಅಂತ ದೊಡ್ಡ ಜಗಳವೇ ಆಯಿತು. ಆಮೇಲೆ ಫ್ರೆಂಚ್ ಕಂಪನಿ ಬಂತು, 1885ರಲ್ಲಿ ಅಥೆನ್ಸ್‌ನಿಂದ ರೈಲು ಬಂತು, 1896ರಲ್ಲಿ ಕಾರ್ಮಿಕರ ದೊಡ್ಡ ಮುಷ್ಕರವೂ ಆಯಿತು. ರೈಲು 1957ರಲ್ಲಿ ನಿಂತುಹೋಯಿತು. ಗಣಿಯೂ ಈಗಿಲ್ಲ. ಆದರೆ ಫ್ರೆಂಚ್ ಕಂಪನಿಯ ಕಾರ್ಖಾನೆಯನ್ನು ಕೆಡವಲಿಲ್ಲ. ಅಥೆನ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡು, ಶೆಡ್ಡುಗಳನ್ನು ರಿಪೇರಿ ಮಾಡಿ, ತಂತ್ರಜ್ಞಾನ ಮತ್ತು ಸಂಸ್ಕೃತಿಯ ಪಾರ್ಕ್ ಮಾಡಿದೆ. ಹಳೆಯ ಕಲ್ಲಿನ ಗೋಡೆಗಳ ನಡುವೆ ಈಗ ಆಫೀಸುಗಳಿವೆ, ಕಾರ್ಯಕ್ರಮಗಳಾಗುತ್ತವೆ. ಅಲ್ಲಿ ನಡೆಯುವಾಗ ನನಗೆ ನಿಮ್ಮ ಸೈನೈಡ್ ದಿಬ್ಬಗಳು, 2001ರಲ್ಲಿ ಗಣಿ ಮುಚ್ಚಿದ ಮೇಲೆ ತುಕ್ಕು ಹಿಡಿಯುತ್ತಾ ನಿಂತ ಶಾಫ್ಟ್‌ಗಳು ಕಣ್ಣ ಮುಂದೆ ಬಂದವು. ಕೆಜಿಎಫ್‌ಗೂ ಇಂಥದ್ದೊಂದು ಆಗಲೇಬೇಕು. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ.

ಖನಿಜ ಮ್ಯೂಸಿಯಂ ಒಂದಿದೆ, ಚಿಕ್ಕದು, ಹಳೆಯ ಅದಿರು ತೊಳೆಯುವ ಕಟ್ಟಡದಲ್ಲೇ ಇದೆ. ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ವಿಚಾರಿಸಿ ಹೋಗಿ. ಅಲ್ಲಿ ಲಾರಿಯೋನೈಟ್ ಎಲ್ಲಿ ಅಂತ ಕೇಳಿ. ಹಳಬರು ಸಮುದ್ರಕ್ಕೆ ಎಸೆದ ಕಿಟ್ಟದ ತೂತುಗಳೊಳಗೆ ಉಪ್ಪುನೀರು ಶತಮಾನಗಟ್ಟಲೆ ಕೆಲಸ ಮಾಡಿ ಹುಟ್ಟಿದ ಹರಳು ಅದು. ಸಣ್ಣ ಸೂಜಿಗಳ ಹಾಗೆ, ಬಣ್ಣವಿಲ್ಲದ್ದು. ಈ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೀನಿನ ಊರಿನಲ್ಲಿ ಏನು ತಿನ್ನೋದು?
– ಉಡುಪಿಯ ಓದುಗರು

ಉತ್ತರ: ಉಪವಾಸ ಇರಬೇಕಾಗಿಲ್ಲ, ಬದಲಿಗೆ ಅವರ ಉಪವಾಸದ ಅಡುಗೆಯೇ ನಿಮ್ಮನ್ನು ಕಾಪಾಡುತ್ತದೆ. ಗ್ರೀಸಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ತುಂಬಾ ದಿನ ವ್ರತ ಇರುತ್ತದೆ. ಆಗ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆ ಅಡುಗೆಗೆ ನಿಸ್ತೀಸಿಮೊ ಅನ್ನುತ್ತಾರೆ. ಈ ಒಂದು ಪದ ಕಲಿತುಕೊಳ್ಳಿ. ಆದರೆ ಎಚ್ಚರ, ಅವರ ವ್ರತದಲ್ಲಿ ಸಿಗಡಿ, ಬೊಂಡಾಸ್, ಆಕ್ಟೋಪಸ್‌ಗೆ ಅಡ್ಡಿಯಿಲ್ಲ! ಹಾಗಾಗಿ ಇಮೆ ಹೊರ್ಟೊಫಾಗೊಸ್, ಅಂದರೆ ನಾನು ಸಸ್ಯಾಹಾರಿ, ಅಂತಲೂ ಹೇಳಿ.

ಫಾವಾ ಕೇಳಿ. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಅಂದುಕೊಳ್ಳಿ. ನಾನು ತಟ್ಟೆಯನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದೆ. ಯೀಗಾಂಡೆಸ್ ಅಂದರೆ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಕಾಳು. ಹೊರ್ಟಾ ಅಂದರೆ ಬೇಯಿಸಿದ ಸೊಪ್ಪು, ನಿಂಬೆಹಣ್ಣು ಹಿಂಡಿಕೊಂಡು ತಿನ್ನುವುದು. ಬ್ರಿಯಾಮ್ ಅಂದರೆ ಬದನೆ, ಆಲೂಗಡ್ಡೆ ಎಲ್ಲ ಹಾಕಿ ಒಲೆಯಲ್ಲಿ ಬೇಯಿಸಿದ ಪಲ್ಯ. ಗೆಮಿಸ್ತಾ ಅಂತ ಅನ್ನ ತುಂಬಿದ ಟೊಮೆಟೊ ಸಿಗುತ್ತದೆ, ಒಳಗೆ ಕೈಮಾ ಇಲ್ಲ ತಾನೇ ಅಂತ ಕೇಳಿಕೊಳ್ಳಿ. ಗುಲಾಬಿ ಬಣ್ಣದ ಚಟ್ನಿಯಂಥದ್ದು ಬಂದರೆ ಮಾತ್ರ ಮುಟ್ಟಬೇಡಿ, ತಾರಾಮೊಸಲಾಟಾ ಅಂತ, ಅದರಲ್ಲಿ ಮೀನಿನ ಮೊಟ್ಟೆ ಇರುತ್ತದೆ.

ಮೀನು ತಿನ್ನುವ ಕರಾವಳಿಯ ಓದುಗರಿಗೂ ಒಂದು ಮಾತು. ಊರ ಮಧ್ಯದ ಹಳೆಯ ಮೀನು ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಹೋಟೆಲಿನಲ್ಲಿ ದೊಡ್ಡ ಮೀನಿಗೆ ಬರೆದಿರುವ ಬೆಲೆ ಸಾಮಾನ್ಯವಾಗಿ ಒಂದು ಕಿಲೋಗೆ, ಒಂದು ತಟ್ಟೆಗಲ್ಲ. ಮುಂಚೆ ತೂಕ ಮಾಡಿಸಿ ರೇಟು ಕೇಳಿ. ಗಾವ್ರೊಸ್ ಅಂದರೆ ನಮ್ಮ ಕೊಳ್ಳತರದ ಜಾತಿಯ ಸಣ್ಣ ಮೀನು, ಹುರಿದು ಕೊಡುತ್ತಾರೆ, ಬೆಲೆಯೂ ಕಡಿಮೆ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ವೀಸಾಗೆ ಎಷ್ಟು ಮುಂಚೆ ಅರ್ಜಿ ಹಾಕಬೇಕು? ಎಂಟು ವರ್ಷದ ಮಗ ಇದ್ದಾನೆ, ಕಲ್ಲು ಕೂಡಿಡುವ ಹುಚ್ಚು.
– ಮೈಸೂರಿನ ಓದುಗರು

ಉತ್ತರ: ಸೆಪ್ಟೆಂಬರ್ ಒಳ್ಳೆಯದು, ಅಕ್ಟೋಬರ್ ಮೊದಲ ವಾರಗಳೂ ಆಗಬಹುದು, ಬೇಸಿಗೆ ಪೂರ್ತಿ ಕಾದ ಸಮುದ್ರ ಆಗ ಬೆಚ್ಚಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸುಡುಬಿಸಿಲು, ಜೊತೆಗೆ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ. ಷೆಂಗೆನ್ ವೀಸಾ ಬೇಕು, ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಎರಡು ಮೂರು ತಿಂಗಳು ಮುಂಚೆ ಹಾಕಿದರೆ ನೆಮ್ಮದಿ. ಕನಿಷ್ಠ 30,000 ಯೂರೋ ರಕ್ಷಣೆ ಇರುವ ವಿಮೆ ಕಡ್ಡಾಯ. ಇನ್ನೊಂದು, ಗ್ರೀಸಿನಲ್ಲಿ ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು.

ಮಗನ ವಿಷಯ. ಅವನಿಗೆ ಆ ಮ್ಯೂಸಿಯಂ ಸ್ವರ್ಗ. ಆದರೆ ಬೆಟ್ಟದಲ್ಲಿ, ದಡದಲ್ಲಿ ಕಂಡ ಕಪ್ಪು ಕಿಟ್ಟ ಎತ್ತಿಕೊಳ್ಳಲು ಬಿಡಬೇಡಿ. ಅದರಲ್ಲಿ ಸೀಸ ಇದೆ, ಊರಿನ ಮಣ್ಣಿನಲ್ಲೂ ಇದೆ, ಮಕ್ಕಳಿಗೆ ಒಳ್ಳೆಯದಲ್ಲ. ತಿನ್ನುವ ಮುಂಚೆ ಕೈ ತೊಳೆಸಿ. ಬಾಯಿ ತೆರೆದ ಹಳೆಯ ಸುರಂಗಗಳ ಹತ್ತಿರವೂ ಬೇಡ. ಪುರಾತನ ವಸ್ತು ದೇಶದಿಂದ ಹೊರಗೆ ತಂದರೆ ಅಲ್ಲಿ ದೊಡ್ಡ ಅಪರಾಧ. ಬದಲಿಗೆ ಅವನನ್ನು ಥೋರಿಕೋಸ್‌ಗೆ ಕರೆದುಕೊಂಡು ಹೋಗಿ, ಊರಿನ ಉತ್ತರಕ್ಕೆ ಸ್ವಲ್ಪ ದೂರ. ಉಳಿದಿರುವ ಗ್ರೀಕ್ ರಂಗಮಂದಿರಗಳಲ್ಲಿ ತೀರಾ ಹಳೆಯದ್ದರಲ್ಲಿ ಒಂದು. ಅರ್ಧಚಂದ್ರದ ಹಾಗಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕಿದೆ. ಕಲ್ಲಿನ ಮೆಟ್ಟಿಲ ಮೇಲೆ ಓಡಿ ಹತ್ತಲಿ. ಈಜುವಾಗ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಸಿ, ಬಂಡೆಗಳಲ್ಲಿ ಮುಳ್ಳಿನ ಕಡಲಜೀವಿಗಳಿರುತ್ತವೆ.

ಪ್ರಶ್ನೆ: ಲಾವ್ರಿಯೋದ ಎದುರಿಗೇ ಉದ್ದನೆಯ ದ್ವೀಪ ಇದೆಯಲ್ಲ, ಮ್ಯಾಪಿನಲ್ಲಿ ನೋಡಿದೆ. ಅಲ್ಲಿಗೆ ದೋಣಿ ಇದೆಯಾ?
– ಧಾರವಾಡದ ಓದುಗರು

ಉತ್ತರ: ಅದು ಮಕ್ರೊನಿಸೋಸ್. ದಿನವೂ ಹೋಗುವ ದೋಣಿ ಇಲ್ಲ, ಊರೂ ಇಲ್ಲ. 1947ರಿಂದ, ಗ್ರೀಸಿನ ಅಂತರ್ಯುದ್ಧದ ಕಾಲದಲ್ಲಿ, ಎಡಪಂಥೀಯರು ಅಂತ ಅನುಮಾನ ಬಂದ ಸೈನಿಕರನ್ನು, ಆಮೇಲೆ ಸಾಮಾನ್ಯ ಜನರನ್ನೂ ಅಲ್ಲಿ ಕೂಡಿಹಾಕಿದ್ದರು. ನನ್ನ ವಿಚಾರ ತಪ್ಪು, ಬಿಟ್ಟಿದ್ದೇನೆ ಅಂತ ಕಾಗದಕ್ಕೆ ಸಹಿ ಹಾಕುವವರೆಗೆ ಹೊಡೆತ. ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್ ಅಲ್ಲಿದ್ದರು. ಕವಿ ಯಾನಿಸ್ ರಿಟ್ಸೋಸ್ ಕೂಡ. ರಿಟ್ಸೋಸ್ ಅಲ್ಲಿ ಬರೆದ ಕವಿತೆಗಳನ್ನು ಬಾಟಲಿಯೊಳಗೆ ಹಾಕಿ ನೆಲದಲ್ಲಿ ಹೂತಿಟ್ಟಿದ್ದರು.

ಹತ್ತಿರದಿಂದ ನೋಡಬೇಕು ಅಂದರೆ ಲಾವ್ರಿಯೋ ಬಂದರಿನಿಂದ ಕೆಯಾ ದ್ವೀಪಕ್ಕೆ ಹೋಗುವ ಹಡಗು ಹತ್ತಿ. ಒಂದು ಗಂಟೆಯ ಪ್ರಯಾಣ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹೊರಟ ತಕ್ಷಣ ಒಳಗೆ ಕಾಫಿಗೆ ಕೂರಬೇಡಿ, ಮೇಲಿನ ಡೆಕ್ಕಿಗೆ ಹೋಗಿ. ಮರವಿಲ್ಲದ ಬೋಳುಗುಡ್ಡ, ಅದರ ಬುಡದಲ್ಲಿ ಚಾವಣಿ ಹೋದ ಕಟ್ಟಡಗಳು ಕಾಣುತ್ತವೆ. ಅಲ್ಲಿ ಕೂಡಿಹಾಕಿದ್ದವರಿಗೆ ರಾತ್ರಿ ಹೊತ್ತು ಲಾವ್ರಿಯೋದ ದೀಪಗಳು ಕಾಣುತ್ತಿದ್ದವು, ಅಷ್ಟು ಹತ್ತಿರ.