ಕುತ್ತಿಗೆಯ ಸ್ಕ್ಯಾನ್ ಸರಿಯಿದ್ದರೆ ಬಿ.ಪಿ. ಮಾತ್ರೆಯನ್ನು ಮುಂದೂಡಬಹುದೇ?

ತಂದೆಯವರ ಬಿ.ಪಿ. 150/95ರ ಆಸುಪಾಸಿನಲ್ಲಿದ್ದರೂ ಕುತ್ತಿಗೆಯ ಅಲ್ಟ್ರಾಸೌಂಡ್‌ನಲ್ಲಿ ರಕ್ತನಾಳದ ಗೋಡೆ 0.8 ಮಿ.ಮೀ. ಮಾತ್ರ ಇದೆಯೆಂದು, ಆರು ತಿಂಗಳ ನಂತರ ಮತ್ತೆ ಅಳೆಸಿ ಮಾತ್ರೆಯ ವಿಚಾರ ನಿರ್ಧರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ಇದೇ ಲೆಕ್ಕಾಚಾರದಿಂದ ನನ್ನ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿದೆ.

ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಮಾಡಿಸಿದ ಸ್ಕ್ಯಾನ್‌ನಲ್ಲಿ ದಪ್ಪ 0.9 ಮಿ.ಮೀ. ಇತ್ತು. ಮರುವರ್ಷ ಬೇರೊಂದು ಕೇಂದ್ರದಲ್ಲಿ ಅದು 0.7 ಬಂದಿತು. ಉಪ್ಪು ಕಡಿಮೆ ಮಾಡಿ ದಿನವೂ ನಡೆದದ್ದರಿಂದ ರಕ್ತನಾಳವೇ ವಾಸಿಯಾಗಿದೆ ಎಂದು ನಂಬಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದೆ. ಆ ಎರಡು ಅಂಕಿಗಳನ್ನು ಹೋಲಿಸಿದ್ದೇ ತಪ್ಪು. ಅಲ್ಲಿ ಅಳೆಯುವುದು ಕುತ್ತಿಗೆಯ ಮೂಲಕ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳದ ಒಳಪದರ ಮತ್ತು ನಡುಪದರಗಳ ಒಟ್ಟು ದಪ್ಪವನ್ನು. ನಾಳ ಕವಲೊಡೆಯುವ ಜಾಗಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗೆ, ಕುತ್ತಿಗೆಯ ಮೇಲಿಡುವ ಸ್ಕ್ಯಾನ್ ಉಪಕರಣವಾದ ಪ್ರೋಬ್‌ನಿಂದ ದೂರವಿರುವ ಗೋಡೆಯಲ್ಲಿ ಅಳೆಯುವುದು ರೂಢಿ. ಕವಲಿನ ಹತ್ತಿರ ಅಳೆದರೆ ಹೆಚ್ಚು ಬರುತ್ತದೆ, ಪ್ರೋಬ್ ಓರೆಯಾದರೂ ಹೆಚ್ಚು ಬರುತ್ತದೆ, ಹೃದಯ ಸಂಕುಚಿಸಿ ನಾಳ ಹಿಗ್ಗಿದ ಕ್ಷಣದಲ್ಲಿ ಕಡಿಮೆ ಬರುತ್ತದೆ. ವಯಸ್ಸಿನೊಂದಿಗೆ ಈ ಗೋಡೆ ಬದಲಾಗುವುದು ವರ್ಷಕ್ಕೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಹೀಗಿರುವಾಗ ಒಂದೇ ವರ್ಷದಲ್ಲಿ ಕಂಡ 0.2ರ ಇಳಿಕೆ ನಾಳದ್ದಾಗಿರದೆ, ಅಳೆದ ಕೈ ಮತ್ತು ಯಂತ್ರಗಳ ವ್ಯತ್ಯಾಸವೇ ಆಗಿರಬೇಕು. ಯಾವ ಜಾಗದಲ್ಲಿ ಅಳೆದರೆಂಬುದು ಎರಡೂ ವರದಿಗಳಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಕಾಲು ಊದಿಕೊಂಡು ಆಸ್ಪತ್ರೆಗೆ ಹೋದಾಗ ಬಿ.ಪಿ. 180 ದಾಟಿತ್ತು, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿತ್ತು, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು.

ಈ ಪರೀಕ್ಷೆ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಏರಿದ ಒತ್ತಡವನ್ನು ತಾಳಿಕೊಳ್ಳಲು ನಾಳದ ನಡುಪದರ ವರ್ಷಗಟ್ಟಲೆ ದಪ್ಪವಾಗುತ್ತಾ ಹೋಗುವುದು ನಿಜ. ಯುರೋಪಿನ 2013ರ ಮಾರ್ಗಸೂಚಿ 0.9 ಮಿ.ಮೀ. ಮೀರಿದ ದಪ್ಪವನ್ನು ಅಧಿಕ ರಕ್ತದೊತ್ತಡದಿಂದಾದ ಹಾನಿಯ ಗುರುತೆಂದೇ ಪರಿಗಣಿಸಿತ್ತು. ಆದರೆ ಅದೇ ವರ್ಷ ಅಮೆರಿಕದ ಹೃದ್ರೋಗ ಸಂಸ್ಥೆಗಳು, ಒಬ್ಬೊಬ್ಬ ರೋಗಿಯ ಅಪಾಯವನ್ನು ಅಂದಾಜಿಸಲು ಇದನ್ನು ವಾಡಿಕೆಯಾಗಿ ಮಾಡಿಸಬೇಡಿ ಎಂದವು. ಸಾವಿರಾರು ಜನರ ಸರಾಸರಿ ತೆಗೆಯುವ ಸಂಶೋಧನೆಯಲ್ಲಿ ಸಣ್ಣ ವ್ಯತ್ಯಾಸಕ್ಕೂ ಬೆಲೆಯಿದೆ. ನಿಮ್ಮ ತಂದೆಯವರೊಬ್ಬರ ಎರಡು ವರದಿಗಳ ನಡುವೆ ಅದಕ್ಕೆ ಆ ಬೆಲೆಯಿಲ್ಲ. ಗೋಡೆ ತೆಳುವಾಗಿರುವಾಗಲೇ ಒತ್ತಡವನ್ನು ಇಳಿಸಬೇಕು, ದಪ್ಪವಾಗಲೆಂದು ಕಾಯುವುದರಲ್ಲಿ ಅರ್ಥವಿಲ್ಲ.

ತೋಳಿಗೆ ಕಟ್ಟುವ, ಅವರ ತೋಳಿನ ಸುತ್ತಳತೆಗೆ ಹೊಂದುವ ಪಟ್ಟಿಯಿರುವ ಬಿ.ಪಿ. ಯಂತ್ರವನ್ನು ತನ್ನಿ. ಐದು ನಿಮಿಷ ಒರಗಿ ಕುಳಿತ ನಂತರ, ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಬಾರಿ, ಒಂದು ವಾರ ಅಳೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಬರೆದ ಮಾತ್ರೆಯನ್ನು ತಡಮಾಡದೆ ಆರಂಭಿಸಲಿ. ಎರಡನೇ ಸ್ಕ್ಯಾನ್‌ಗೆ ತೆಗೆದಿಟ್ಟ ಹಣದಲ್ಲಿ ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತು ಇ.ಸಿ.ಜಿ. ಮಾಡಿಸಿ. ಈಗಿರುವ ವರದಿಯಲ್ಲಿ ಪ್ಲಾಕ್ (ನಾಳದ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ) ಎಂಬ ಪದ ಎಲ್ಲಿಯಾದರೂ ಇದೆಯೇ ಎಂದು ಮಾತ್ರ ನೋಡಿ. ಇದ್ದರೆ ಗೋಡೆಯ ಸರಾಸರಿ ದಪ್ಪ ಎಷ್ಟೇ ಇರಲಿ, ಕೊಲೆಸ್ಟರಾಲ್ ಇಳಿಸುವ ಔಷಧವೂ ಬೇಕೇ ಎಂದು ವೈದ್ಯರನ್ನು ಕೇಳಿ.